ಎರಡು ಪ್ರೂಫ್‌ಗಳ ನಡುವೆ ಬದಲಾದದ್ದೇನು: ಪುಟಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸುವ ವಿಧಾನ

ಪುಸ್ತಕದ ಎರಡನೆಯ ಪ್ರೂಫ್ (ಅಚ್ಚಿಗೆ ಮೊದಲು ತಿದ್ದಲು ಬರುವ ಕರಡು ಪುಟಗಳು) ಕೈಗೆ ಬಂದಾಗ, ಮೊದಲ ಪ್ರೂಫಿನಲ್ಲಿ ಗುರುತು ಹಾಕಿದ ತಿದ್ದುಪಡಿಗಳು ಆಗಿವೆಯೇ ಎಂದು ನೋಡುವುದು ಸುಲಭ. ನಾವು ಗುರುತು ಹಾಕದ ಜಾಗದಲ್ಲಿ ಏನಾದರೂ ಬದಲಾಗಿದೆಯೇ ಎಂದು ತಿಳಿಯುವುದು ಕಷ್ಟ. ಹಳೆಯ ಎನ್‌ಕೋಡಿಂಗಿನ (ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಕ್ರಮದ) ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅಥವಾ ಫಾಂಟ್ ಬದಲಿಸಿದಾಗ ಒತ್ತಕ್ಷರವೊಂದು ಜಾಗ ತಪ್ಪಬಹುದು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಸರಿಯಬಹುದು, ದೀರ್ಘದ ಚಿಹ್ನೆ ಬಿದ್ದುಹೋಗಬಹುದು. ಒಮ್ಮೆ ಓದಿದ ಪುಟವನ್ನು ಮತ್ತೆ ಓದುವ ಕಣ್ಣು, ಇರುವುದಕ್ಕಿಂತ ಇರಬೇಕಾದುದನ್ನೇ ಕಾಣುತ್ತದೆ. ಆದ್ದರಿಂದ ಎರಡೂ ಪುಟಗಳನ್ನು ಚಿತ್ರಗಳನ್ನಾಗಿ ಮಾಡಿ, ವ್ಯತ್ಯಾಸ ಹುಡುಕುವ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸಿ, ಸಿಕ್ಕ ವ್ಯತ್ಯಾಸಗಳನ್ನು ತೂಗಿ ನೋಡುವ ಕೆಲಸವನ್ನು ನಾವು ಇಟ್ಟುಕೊಳ್ಳುವುದು ಒಳ್ಳೆಯದು.

ಹೋಲಿಕೆಯ ಗುಣಮಟ್ಟ ಬಹುಮಟ್ಟಿಗೆ ಚಿತ್ರಗಳನ್ನು ಸಿದ್ಧಪಡಿಸುವ ಹಂತದಲ್ಲೇ ನಿರ್ಧಾರವಾಗುತ್ತದೆ. ಎರಡು ಪಿಡಿಎಫ್‌ಗಳನ್ನೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ತಂತ್ರಾಂಶದಿಂದ, ಒಂದೇ ರೆಸಲ್ಯೂಶನ್ನಿನಲ್ಲಿ ಚಿತ್ರಗಳಾಗಿ ಪರಿವರ್ತಿಸಬೇಕು. ಬೇರೆ ಬೇರೆ ತಂತ್ರಾಂಶಗಳು ಅಕ್ಷರದ ಅಂಚನ್ನು ನಯಗೊಳಿಸುವ ರೀತಿ ಬೇರೆಯಾಗಿರುವುದರಿಂದ, ಏನೂ ಬದಲಾಗದ ಪುಟದಲ್ಲೂ ಪ್ರತಿ ಅಕ್ಷರದ ಸುತ್ತ ವ್ಯತ್ಯಾಸ ಕಾಣಿಸುತ್ತದೆ. 300 ಡಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್ (ಚಿತ್ರದ ಚುಕ್ಕೆ), ಸಾಮಾನ್ಯವಾಗಿ ಸಾಕು. ಆ ಲೆಕ್ಕದಲ್ಲಿ ಎ4 ಪುಟವು 2480 ಅಗಲ, 3508 ಎತ್ತರದ, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್‌ಗಳ ಚಿತ್ರವಾಗುತ್ತದೆ. ಚಿತ್ರಗಳನ್ನು, ಯಾವ ವಿವರವನ್ನೂ ಕಳೆಯದ ಪಿಎನ್‌ಜಿ ರೂಪದಲ್ಲೇ ಉಳಿಸಿ. ಜೆಪೆಗ್ ವಿಧಾನವು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಸೂಕ್ಷ್ಮ ವಿವರಗಳನ್ನು ಕಡಿಮೆ ಮಾಡಿ ಫೈಲಿನ ಗಾತ್ರ ಇಳಿಸುವುದರಿಂದ, ಅಕ್ಷರಗಳ ಸುತ್ತ ಇಲ್ಲದ ಕಲೆಗಳನ್ನು ಹುಟ್ಟಿಸುತ್ತದೆ. ಹಿನ್ನೆಲೆ ಪಾರದರ್ಶಕವಾಗಿದ್ದರೆ ಎರಡೂ ಚಿತ್ರಗಳಿಗೆ ಬಿಳಿ ಹಿನ್ನೆಲೆ ಕೊಡಬೇಕು. ಉದ್ದಗಲಗಳು ಒಂದೇ ಇವೆಯೇ ಎಂದು ಮುಂದುವರಿಯುವ ಮೊದಲೇ ನೋಡಿಕೊಳ್ಳಬೇಕು.

ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಹೋಲಿಕೆಯನ್ನು ಕಣ್ಣೆದುರೇ ಮಾಡಬಹುದು. ಮೊದಲ ಪ್ರೂಫಿನ ಚಿತ್ರವನ್ನು ತೆರೆದು, ಫೈಲ್ ಮೆನುವಿನ ‘ಓಪನ್ ಆಸ್ ಲೇಯರ್ಸ್’ ಮೂಲಕ ಎರಡನೆಯದನ್ನು ಅದರ ಮೇಲೆ ಲೇಯರ್ (ಪದರ) ಆಗಿ ತನ್ನಿ. ಮೇಲಿನ ಲೇಯರಿನ ಮೋಡ್ ಅನ್ನು ‘ನಾರ್ಮಲ್’ ಬದಲು ‘ಡಿಫರೆನ್ಸ್’ ಮಾಡಿದ ಕೂಡಲೇ ಪುಟ ಬಹುತೇಕ ಕಪ್ಪಾಗುತ್ತದೆ. ಇಲ್ಲಿ ನಡೆಯುವುದು ಸರಳ ಕಳೆಯುವ ಲೆಕ್ಕ. ಪ್ರತಿ ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ 0ಯಿಂದ 255ರವರೆಗಿನ ಬೆಲೆ ಇರುತ್ತದೆ. ಒಂದು ಚಿತ್ರದಲ್ಲಿ 200, ಇನ್ನೊಂದರಲ್ಲಿ 180 ಇದ್ದರೆ 20 ಉಳಿಯುತ್ತದೆ. ಎರಡೂ ಒಂದೇ ಆಗಿದ್ದರೆ ಸೊನ್ನೆ, ಅಂದರೆ ಕಪ್ಪು. ಬಿಳಿಯಾಗಿ ಎದ್ದು ಕಾಣುವುದೆಲ್ಲ ಬದಲಾದ ಜಾಗ. 20ರಂಥ ಸಣ್ಣ ಉಳಿಕೆ ಕಣ್ಣಿಗೆ ಕಪ್ಪಿನಂತೆಯೇ ಕಾಣುವುದರಿಂದ, ಲೇಯರ್ ಮೆನುವಿನ ‘ನ್ಯೂ ಫ್ರಮ್ ವಿಸಿಬಲ್’ ಬಳಸಿ ಕಂಡದ್ದನ್ನು ಹೊಸ ಲೇಯರ್ ಮಾಡಿಕೊಂಡು, ಕಲರ್ಸ್ ಮೆನುವಿನ ‘ಲೆವೆಲ್ಸ್’ನಲ್ಲಿ ಬಲತುದಿಯ ತ್ರಿಕೋನವನ್ನು ಎಡಕ್ಕೆ ಎಳೆದರೆ ಮಸುಕಾದ ವ್ಯತ್ಯಾಸಗಳೂ ಬೆಳಗುತ್ತವೆ.

ಡಿಫರೆನ್ಸ್ ಮೋಡ್ ಎಲ್ಲಿ ಬದಲಾಗಿದೆ ಎಂದು ತೋರಿಸುತ್ತದೆಯೇ ಹೊರತು ಏನು ಬದಲಾಗಿದೆ ಎಂಬುದನ್ನು ಅಷ್ಟು ಚೆನ್ನಾಗಿ ತೋರಿಸುವುದಿಲ್ಲ. ಅದಕ್ಕಾಗಿ ಮೋಡ್ ಅನ್ನು ಮತ್ತೆ ‘ನಾರ್ಮಲ್’ಗೆ ತಂದು, ಮೇಲಿನ ಲೇಯರಿನ ಕಣ್ಣಿನ ಗುರುತನ್ನು ಒತ್ತಿ ಒತ್ತಿ ಲೇಯರನ್ನು ಮರೆಮಾಡುತ್ತ, ತೋರಿಸುತ್ತ ಇರಬೇಕು. ಬದಲಾಗದ ಸಾಲುಗಳು ಅಲುಗದೆ ನಿಲ್ಲುತ್ತವೆ, ಬದಲಾದ ಅಕ್ಷರವೊಂದೇ ಮಿಣುಕುತ್ತದೆ. ಇದು ಕಂಪ್ಯೂಟರಿಗಿಂತ ಹಳೆಯ ಉಪಾಯ: 1930ರಲ್ಲಿ ಅರಿಝೋನಾದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೋ ಪ್ಲೂಟೊವನ್ನು ಕಂಡುಹಿಡಿದದ್ದು, ಜನವರಿ 23 ಮತ್ತು 29ರ ರಾತ್ರಿಗಳಲ್ಲಿ ತೆಗೆದ ಫೋಟೋ ಫಲಕಗಳನ್ನು ಹೀಗೆಯೇ ಒಂದಾದ ಮೇಲೊಂದರಂತೆ ನೋಡುವ ಉಪಕರಣದಿಂದ.

ಪುಟಗಳು ನೂರಾರು ಇದ್ದಾಗ ಆಜ್ಞೆಗಳನ್ನು ಟೈಪ್ ಮಾಡಿ ಬಳಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ ‘ಕಂಪೇರ್’ ಆಜ್ಞೆ ಹೆಚ್ಚು ಅನುಕೂಲ. ಎರಡು ಚಿತ್ರಗಳ ಹೆಸರನ್ನೂ ಫಲಿತಾಂಶದ ಚಿತ್ರಕ್ಕೆ ಬೇಕಾದ ಹೆಸರನ್ನೂ ಕೊಟ್ಟರೆ, ಅದು ಮೂಲ ಪುಟವನ್ನು ಮಸುಕಾಗಿಸಿ ಬದಲಾದ ಪಿಕ್ಸೆಲ್‌ಗಳನ್ನು ಕೆಂಪಿನಲ್ಲಿ ತೋರಿಸುತ್ತದೆ. ‘ಮೆಟ್ರಿಕ್’ ಆಯ್ಕೆಯಲ್ಲಿ ‘ಎಇ’ ಎಂದು ಕೊಟ್ಟರೆ ಬದಲಾದ ಪಿಕ್ಸೆಲ್‌ಗಳ ಸಂಖ್ಯೆ ಸಿಗುತ್ತದೆ. ‘ಫಜ್’ ಆಯ್ಕೆಯಲ್ಲಿ ಶೇಕಡಾ ಪ್ರಮಾಣವೊಂದನ್ನು ಕೊಟ್ಟರೆ ಅದಕ್ಕಿಂತ ಕಡಿಮೆ ಇರುವ ಬಣ್ಣದ ವ್ಯತ್ಯಾಸವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫಜ್ ಏರಿಸುವಾಗ ಎಚ್ಚರ ಬೇಕು, ಬದಲಾದ ಪಿಕ್ಸೆಲ್ ಸಂಖ್ಯೆ ಕಡಿಮೆ ಇದೆ ಎಂದು ಪುಟವನ್ನು ಬದಿಗಿಡುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕನ್ನಡದಲ್ಲಿ ‘ದನ’ಕ್ಕೂ ‘ಧನ’ಕ್ಕೂ ಇರುವ ಅಂತರ ಅಕ್ಷರದ ಅಡಿಯ ಒಂದು ಸಣ್ಣ ಗೀರು. 11 ಪಾಯಿಂಟ್ ಅಳತೆಯ ಅಕ್ಷರಕ್ಕೆ 300 ಡಿಪಿಐನಲ್ಲಿ ಎತ್ತರಕ್ಕೆ ಸಿಗುವುದೇ ಸುಮಾರು 46 ಪಿಕ್ಸೆಲ್. ಗೀರಿನ ಪಾಲಿಗೆ ಬರುವುದು ಅದರಲ್ಲಿ ಕೆಲವೇ. 87 ಲಕ್ಷದ ಮುಂದೆ ಆ ಸಂಖ್ಯೆ ಏನೂ ಅಲ್ಲ, ಅರ್ಥದ ಮುಂದೆ ಅದೇ ಎಲ್ಲ. ಆದ್ದರಿಂದ ಸೊನ್ನೆ ಬಾರದ ಪ್ರತಿ ಪುಟವನ್ನೂ ಕಣ್ಣಿನಿಂದ ನೋಡಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. ಚಿತ್ರಗಳ ಒಟ್ಟಾರೆ ಸಾಮ್ಯವನ್ನು ಅಳೆಯುವ ಎಸ್‌ಎಸ್‌ಐಎಂ ಎಂಬ ಇನ್ನೊಂದು ಮಾಪನವಿದೆ. ಅದರಲ್ಲಿ 1 ಎಂದರೆ ಪೂರ್ಣ ಸಾಮ್ಯ. ಫೋಟೋಗಳ ಗುಣಮಟ್ಟ ಹೋಲಿಸಲು ಅದು ಒಳ್ಳೆಯದು, ಆದರೆ ಒಂದು ಗೀರು ಬಿದ್ದುಹೋದ ಪುಟಕ್ಕೂ 1ಕ್ಕೆ ತೀರ ಹತ್ತಿರದ ಅಂಕ ಕೊಡುವುದರಿಂದ ಪ್ರೂಫ್ ಕೆಲಸಕ್ಕೆ ಒಗ್ಗುವುದಿಲ್ಲ.

ಒಂದು ಪದ ಸೇರಿದ್ದರಿಂದ ಕೆಳಗಿನ ಸಾಲುಗಳೆಲ್ಲ ಸರಿದರೆ ಪುಟದ ಅರ್ಧಕ್ಕರ್ಧ ಕೆಂಪಾಗಿ, ಅದರೊಳಗೆ ನಿಜವಾದ ತಪ್ಪು ಅಡಗಿಬಿಡುತ್ತದೆ. ಆಗ ಜಿಂಪ್‌ನಲ್ಲಿ ‘ಡಿಫರೆನ್ಸ್’ ಮೋಡ್ ಇರುವಾಗಲೇ ಮೂವ್ ಟೂಲ್ ಹಿಡಿದು, ಬಾಣದ ಕೀಲಿಗಳಿಂದ ಮೇಲಿನ ಲೇಯರನ್ನು ಒಂದೊಂದೇ ಪಿಕ್ಸೆಲ್ ಜರುಗಿಸಿ. ಯಾವ ಪ್ಯಾರಾ ಕೂಡಿಕೊಂಡಿತೋ ಅದು ಕಪ್ಪಾಗುತ್ತದೆ, ಆ ಪ್ಯಾರಾ ಮುಗಿಸಿ ಮುಂದಿನದಕ್ಕೆ ಹೋಗಬಹುದು. ಸ್ಕ್ಯಾನ್ ಮಾಡಿದ ಪುಟಗಳು ಓರೆಯಾಗಿದ್ದರೆ ಮೊದಲು ರೊಟೇಟ್ ಟೂಲಿನಿಂದ ನೇರಮಾಡಿ ಇದನ್ನೇ ಅನುಸರಿಸಬಹುದು, ಆದರೆ ಸ್ಕ್ಯಾನಿನಲ್ಲಿ ಕಾಗದದ ಕಲೆ, ಬೆಳಕಿನ ಏರುಪೇರು ಇದ್ದೇ ಇರುವುದರಿಂದ ಪೂರ್ಣ ಕಪ್ಪನ್ನು ನಿರೀಕ್ಷಿಸಬಾರದು.

ಇಡೀ ಪುಸ್ತಕವನ್ನು ಸಣ್ಣ ಸ್ಕ್ರಿಪ್ಟಿನ (ಆಜ್ಞೆಗಳನ್ನು ಸಾಲಾಗಿ ತಾನೇ ನಡೆಸುವ ಫೈಲಿನ) ಮೂಲಕ ಹೋಲಿಸುವವರಿಗೆ ‘ಕಂಪೇರ್’ ಹಿಂದಿರುಗಿಸುವ ಸಂಕೇತ ಉಪಯೋಗಕ್ಕೆ ಬರುತ್ತದೆ: ಚಿತ್ರಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1, ಹೋಲಿಕೆಯೇ ನಡೆಯದಿದ್ದರೆ 2. ಇವುಗಳಲ್ಲಿ 2 ಬಂದ ಪುಟಗಳನ್ನು ಮೊದಲು ತೆರೆದು ನೋಡಿ, ಏಕೆಂದರೆ ಅವುಗಳನ್ನು ಇನ್ನೂ ಯಾರೂ ಪರಿಶೀಲಿಸಿಲ್ಲ.