ಡವ್‌ಟೇಲ್ ಕೊಯ್ಯಲು ಮ್ಯಾಗ್ನೆಟ್ ಗೈಡ್ ಬೇಕೇ? ಮೊದಲು ನಿಮ್ಮ ಗರಗಸ ಅಳೆಯಿರಿ

ಒಳ್ಳೆಯ ಮರದ ಡ್ರಾಯರ್ ಎಳೆದು ಅದರ ಪಕ್ಕ ನೋಡಿ. ಪಾರಿವಾಳದ ಬಾಲದ ಹಾಗೆ ತುದಿಗೆ ಅಗಲವಾಗುವ ಹಲ್ಲುಗಳು ಕಾಣುತ್ತವೆ. ಅದೇ ಡವ್‌ಟೇಲ್ ಜೋಡಣೆ. ಒಂದು ಹಲಗೆಯಲ್ಲಿ ಬಾಲ, ಇನ್ನೊಂದರಲ್ಲಿ ಬಾಲಗಳ ಸಂದಿಗೆ ಕೂರುವ ಪಿನ್. ಡ್ರಾಯರನ್ನು ಎಷ್ಟು ಸಲ ಎಳೆದರೂ ಮುಂದಿನ ಹಲಗೆ ಕಿತ್ತು ಬರುವುದಿಲ್ಲ, ಮೊಳೆಯೂ ಬೇಡ. ಆದರೆ ಕೈಯಲ್ಲಿ ಕೊಯ್ಯುವಾಗ ಗರಗಸ ಸ್ವಲ್ಪ ವಾಲಿದರೂ ಸಂದಿ ಬಾಯಿ ಬಿಡುತ್ತದೆ.

ಆ ವಾಲುವಿಕೆ ತಡೆಯಲಿಕ್ಕೇ ಮ್ಯಾಗ್ನೆಟ್ ಗೈಡ್ ಇರುವುದು. ಇದು ಹಲಗೆಯ ತುದಿಯ ಮೇಲೆ ಕೂರುವ ಸಣ್ಣ ಗಟ್ಟಿ. ಅದರ ಓರೆ ಮುಖದೊಳಗೆ ಆಯಸ್ಕಾಂತ ಹುದುಗಿರುತ್ತದೆ. ಗರಗಸ ಹತ್ತಿರ ತಂದರೆ ಅಲಗು ‘ಟಕ್’ ಅಂತ ಹೋಗಿ ಒರಗುತ್ತದೆ. ಆಮೇಲೆ ಕೈ ಹಿಂದೆ ಮುಂದೆ ಆಡಿಸಿದರೆ ಸಾಕು, ಕೋನವನ್ನು ಗೈಡ್ ಹಿಡಿದುಕೊಳ್ಳುತ್ತದೆ. ಇಷ್ಟು ಚಿಕ್ಕ ಗಟ್ಟಿಯಲ್ಲಿ ಇಷ್ಟು ಎಳೆತ ಬರುವುದು ನಿಯೋಡಿಮಿಯಂ ಆಯಸ್ಕಾಂತದಿಂದ. ಅದು ಬಂದದ್ದು 1980ರ ದಶಕದಲ್ಲಿ.

ಮೊದಲ ಹೆಜ್ಜೆ: ಅಲಗಿನ ಆಳ

ಹೆಚ್ಚಿನವರು ಗೈಡ್ ಕೊಳ್ಳುವಾಗ ಕೋನ ನೋಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮನೆಗೆ ತಂದು ಕೊಯ್ಯಲು ಕೂತರೆ, ಗೆರೆ ಮುಟ್ಟಲು ಇನ್ನೂ 4 ಮಿ.ಮೀ. ಇರುವಾಗ ಗರಗಸದ ಬೆನ್ನುಪಟ್ಟಿ (ಅಲಗು ಬಾಗದಂತೆ ಅದರ ಮೇಲಂಚಿಗೆ ಹಾಕಿದ ದಪ್ಪ ಪಟ್ಟಿ) ಬಂದು ಗೈಡ್‌ನ ತಲೆಗೆ ತಾಗಿತು. ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ. ತಪ್ಪು ಗೈಡ್‌ನದ್ದಲ್ಲ, ನಾನು ಗರಗಸ ಅಳೆದಿರಲಿಲ್ಲ.

ಲೆಕ್ಕ ಸುಲಭ. ಬೆನ್ನುಪಟ್ಟಿಯ ಕೆಳಗಿನಿಂದ ಹಲ್ಲಿನ ತುದಿಯವರೆಗೆ ಅಳೆಯಿರಿ. ಗೈಡ್ ಹಲಗೆಯ ಮೇಲೆ ಎಷ್ಟು ಎತ್ತರ ನಿಲ್ಲುತ್ತದೆ ನೋಡಿ. ಅದಕ್ಕೆ ಕೊಯ್ಯಬೇಕಾದ ಆಳ, ಅಂದರೆ ಜೋಡಿಸುವ ಇನ್ನೊಂದು ಹಲಗೆಯ ದಪ್ಪ, ಸೇರಿಸಿ. ಗೈಡ್ 28 ಮಿ.ಮೀ. ಎತ್ತರವಿದ್ದು, ಹಲಗೆ 18 ಮಿ.ಮೀ. ದಪ್ಪವಿದ್ದರೆ ಒಟ್ಟು 46. ನಿಮ್ಮ ಅಲಗು ಅದಕ್ಕಿಂತ ಒಂದೆರಡು ಮಿ.ಮೀ. ಜಾಸ್ತಿಯೇ ಇರಬೇಕು. ಪುಟ್ಟ ಡವ್‌ಟೇಲ್ ಗರಗಸಗಳಲ್ಲಿ ಎಷ್ಟೋ ಇಲ್ಲೇ ಸೋಲುತ್ತವೆ. ಜಪಾನಿನ ರ‍್ಯೋಬಾ ಗರಗಸಕ್ಕೆ ಬೆನ್ನುಪಟ್ಟಿಯೇ ಇಲ್ಲ, ಹಾಗಾಗಿ ಈ ತೊಂದರೆಯೂ ಇಲ್ಲ. ಅದೇ ದೇಶದ ದೊಜುಕಿಗೆ ಬೆನ್ನುಪಟ್ಟಿ ಇದೆ, ಅಳೆದೇ ತೆಗೆದುಕೊಳ್ಳಿ.

ಆಮೇಲೆ ಹಲ್ಲು

ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಅಂತ ತುಸು ಬಗ್ಗಿಸಿರುತ್ತಾರೆ. ಅಲಗು ಮರದಲ್ಲಿ ಸಿಕ್ಕಿಹಾಕಿಕೊಳ್ಳಬಾರದು ಅಂತ. ಇದು ಜಾಸ್ತಿ ಇದ್ದರೆ ಎರಡು ಕಷ್ಟ. ಹಲ್ಲು ಗೈಡ್‌ನ ಮುಖವನ್ನೇ ಕೆರೆಯುತ್ತದೆ. ಅಲಗೂ ಮುಖಕ್ಕೆ ಚಪ್ಪಟೆಯಾಗಿ ಕೂರುವುದಿಲ್ಲ, ಹಲ್ಲಿನ ಮೇಲೆ ಎದ್ದು ನಿಂತು ಕೋನ ಕೆಡುತ್ತದೆ. ತೆಳು ಅಲಗು, ಕಡಿಮೆ ಬಗ್ಗಿದ ಹಲ್ಲು, ಇದು ಗೈಡ್‌ಗೆ ಒಪ್ಪುವ ಗರಗಸ. ಎಳೆದಾಗ ಕೊಯ್ಯುವ ಜಪಾನಿ ಗರಗಸಗಳನ್ನು ಹಲವರು ಗೈಡ್ ಜೊತೆ ಇಷ್ಟಪಡುವುದು ಇದಕ್ಕೇ. ತಳ್ಳಿ ಕೊಯ್ಯುವ ಗರಗಸವೂ ಆಗುತ್ತದೆ, ಹಲ್ಲು ಮಾತ್ರ ನೋಡಿ.

ಗೈಡ್‌ನ ಮುಖದ ಮೇಲೆ ಜಾರುವ ಪ್ಲಾಸ್ಟಿಕ್ ಪಟ್ಟಿ ಇದೆಯೇ, ಸವೆದರೆ ಬದಲಾಯಿಸಲು ಆಗುತ್ತದೆಯೇ ಅಂತ ಕೇಳಿ. ದಿನವೂ ಉಜ್ಜಿಸಿಕೊಳ್ಳುವ ಜಾಗ ಅದು.

ಕೋನ: 1:6 ಅಥವಾ 1:8

ರೂಢಿ ಹೀಗಿದೆ. ಮೆತ್ತನೆ ಮರಕ್ಕೆ 1:6, ಗಟ್ಟಿ ಮರಕ್ಕೆ 1:8. ಅಂದರೆ 6 ಮಿ.ಮೀ. ಕೆಳಗಿಳಿದಾಗ 1 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. 18 ಮಿ.ಮೀ. ಆಳದಲ್ಲಿ 1:6 ಇಟ್ಟರೆ ಬಾಲದ ಪ್ರತಿ ಬದಿಗೆ 3 ಮಿ.ಮೀ. ಓರೆ, 1:8 ಇಟ್ಟರೆ 2.25. ಮೆತ್ತನೆ ಮರ ಒತ್ತಿದರೆ ಅದುಮಿಕೊಳ್ಳುತ್ತದೆ, ಅದಕ್ಕೇ ಓರೆ ಜಾಸ್ತಿ. ಓರೆ ತೀರಾ ಹೆಚ್ಚಾದರೆ ಬಾಲದ ಮೂಲೆಗಳು ಚಕ್ಕೆ ಎದ್ದು ಹೋಗುತ್ತವೆ. ಒಂದೇ ಗೈಡ್ ಕೊಳ್ಳುವುದಾದರೆ 1:7 ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ 1:6 ತೆಗೆದುಕೊಳ್ಳಿ ಅಂತ ನನ್ನ ಸಲಹೆ. ಗಟ್ಟಿ ಮರದಲ್ಲೂ ಅದು ಚೆನ್ನಾಗಿಯೇ ಹಿಡಿಯುತ್ತದೆ. ಬಾಲಕ್ಕೂ ಪಿನ್ನಿಗೂ ಒಂದೇ ಕೋನ ಇರಲೇಬೇಕು.

ಬಾಲ ಮತ್ತು ಪಿನ್, ಎರಡನ್ನೂ ಅದೇ ಗೈಡ್‌ನಲ್ಲಿ ಕೊಯ್ಯಲು ಬರುತ್ತದೆಯೇ ನೋಡಿ. ಬಾಲದ ಓರೆ ಹಲಗೆಯ ಮುಖದ ಮೇಲೆ, ಪಿನ್ನಿನ ಓರೆ ಹಲಗೆಯ ತುದಿಯ ಮೇಲೆ. ಇವೆರಡಕ್ಕೂ ಗೈಡ್‌ನಲ್ಲಿ ಬೇರೆ ಬೇರೆ ಮುಖ ಬೇಕು.

ಆಯಸ್ಕಾಂತದ ಹಿಡಿತ

ಅಂಗಡಿಯಲ್ಲೇ ನೋಡಬಹುದು. ಗರಗಸ ಒರಗಿಸಿ, ಹಿಡಿ ಸಡಿಲಿಸಿ. ಅಲಗು ಗೈಡ್ ಬಿಟ್ಟು ಬರಬಾರದು. ಆದರೆ ಎರಡು ಬೆರಳಲ್ಲಿ ಎಳೆದರೆ ಸಲೀಸಾಗಿ ಜಾರಬೇಕು. ತೀರಾ ಬಲವಾಗಿದ್ದರೆ ಗರಗಸ ಜಗ್ಗಿ ಜಗ್ಗಿ ಚಲಿಸುತ್ತದೆ, ಕೊಯ್ತದಲ್ಲಿ ಮೆಟ್ಟಿಲು ಬೀಳುತ್ತದೆ.

ಈಗ ಕೊಯ್ದು ನೋಡಿ

ಗೈಡ್ ಕೂರುವುದು ಹಲಗೆಯ ತುದಿಯ ಮೇಲೆ ಅಲ್ವಾ? ತುದಿ ಓರೆಯಿದ್ದರೆ ಕೊಯ್ತವೂ ಓರೆಯೇ. ಆದ್ದರಿಂದ ಮೊದಲು ತುದಿಗೆ ಉಜ್ಜುಗೊರಡು ಹೊಡೆದು, ಮೂಲೆಮಟ್ಟ ಇಟ್ಟು, ಬೆಳಕಿಗೆ ಹಿಡಿದು ನೋಡಿ. ಈ ಕೆಲಸಕ್ಕೆ ಗೈಡ್‌ನ ಸಹಾಯ ಇಲ್ಲ.

ಬಾಲ ಮೊದಲು ಕೊಯ್ಯಿರಿ. ಗೈಡ್‌ನ ಮುಖ ಗೆರೆಗೆ ತಾಗಿರಲಿ. ಗೈಡ್ ಉಳಿಯುವ ಮರದ ಮೇಲೆ, ಅಲಗು ಬಿಸಾಡುವ ಮರದ ಕಡೆ. ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಗೈಡನ್ನು ಹಲಗೆಗೆ ಅದುಮಿ ಹಿಡಿಯಿರಿ. ಜಾರಿದರೆ ಒಳಮುಖಕ್ಕೆ ನಯವಾದ ಮರಳುಕಾಗದದ ತುಂಡು ಅಂಟಿಸಿ, ಹಿಡಿತ ಬರುತ್ತದೆ. ಗರಗಸಕ್ಕೆ ಬಲ ಹಾಕಬೇಡಿ, ಅದರ ಭಾರವೇ ಸಾಕು. ಬಲ ಹಾಕಿದರೆ ತೆಳು ಅಲಗು ಬಾಗಿ ಆಯಸ್ಕಾಂತದಿಂದ ದೂರ ಸರಿಯುತ್ತದೆ.

ಪಿನ್ನಿಗೆ ಒಂದು ಉಪಾಯ. ಪಿನ್ ಹಲಗೆಯ ತುದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕೊಯ್ದ ಬಾಲದ ಹಲಗೆಯನ್ನು ಮೇಲಿಟ್ಟು, ಅದರ ಅಂಚಿನಗುಂಟ ಚೂಪಾದ ಚಾಕು ಎಳೆಯಿರಿ. ಬಿಸಾಡುವ ಕಡೆಯ ಟೇಪ್ ಕಿತ್ತುಬಿಡಿ. ಉಳಿದ ಟೇಪಿನ ಅಂಚೇ ನಿಮ್ಮ ಗೆರೆ. ಮರದ ಕಪ್ಪು ತುದಿಯಲ್ಲಿ ಪೆನ್ಸಿಲ್ ಗೆರೆ ಹುಡುಕಿ ಕಣ್ಣು ನೋಯಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಗೈಡ್‌ನ ಮುಖವನ್ನು ಆ ಅಂಚಿಗೆ ಸರಿಯಾಗಿ ತಂದು ನಿಲ್ಲಿಸಿ ಕೊಯ್ಯಿರಿ. ಒಳಗಿನ ಮರ ತೆಗೆಯುವುದು ಎಂದಿನ ಹಾಗೆ, ಉಳಿಯ ಕೆಲಸ.

ಒಳ್ಳೆಯ ಹಲಗೆ ಮುಟ್ಟುವ ಮೊದಲು ಒಂದು ಬೇಡದ ತುಂಡಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಓರೆ ಕೊಯ್ತ ಹಾಕಿ. ಒಂದರ ಕೋನವನ್ನು ಓರೆಮಟ್ಟದಲ್ಲಿ (ಬೇಕಾದ ಕೋನಕ್ಕೆ ತಿರುಗಿಸಿ ಬಿಗಿಯುವ ಮಟ್ಟ) ಹಿಡಿದು, ತಿರುಗಿಸಿ ಇನ್ನೊಂದಕ್ಕೆ ಇಟ್ಟು ನೋಡಿ. ಎರಡೂ ಒಂದೇ ಬಂದರೆ ಗೈಡ್ ಸರಿಯಿದೆ. ಬರದಿದ್ದರೆ ತುದಿಯ ಮೂಲೆಮಟ್ಟ ಇನ್ನೊಮ್ಮೆ ನೋಡಿ, ಮತ್ತೆ ಎರಡು ಕೊಯ್ತ ಹಾಕಿ. ಆಗಲೂ ಹೊಂದದಿದ್ದರೆ ಗೈಡನ್ನು ಅಂಗಡಿಗೆ ವಾಪಸ್ ಕೊಟ್ಟುಬಿಡಿ.