ಐಆರ್‌ಎಫ್8 ಇಳಿದರೆ ಮಾತ್ರ ಆಸ್ಟಿಯೋಕ್ಲಾಸ್ಟ್: ಕಲ್ಚರ್ ಮಾಡುವವರಿಗೆ

ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಮತ್ತು ರೋಗಾಣು ನುಂಗುವ ಮ್ಯಾಕ್ರೋಫೇಜ್ ಒಂದೇ ಮೂಲದವು. ಐಆರ್‌ಎಫ್8 ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಜೀನುಗಳನ್ನು ಚಾಲೂ-ಬಂದ್ ಮಾಡುವ ಪ್ರೋಟೀನ್) ಇರುವಷ್ಟು ಹೊತ್ತು ಎನ್‌ಎಫ್‌ಎಟಿಸಿ1 (ಕೋಶವನ್ನು ಆಸ್ಟಿಯೋಕ್ಲಾಸ್ಟ್ ಆಗಿಸುವ ಮುಖ್ಯ ಪ್ರೋಟೀನ್) ತಲೆ ಎತ್ತುವುದಿಲ್ಲ. ರ‍್ಯಾಂಕ್‌ಎಲ್ (ಆಸ್ಟಿಯೋಕ್ಲಾಸ್ಟ್ ಆಗಲು ಸೂಚನೆ ಕೊಡುವ ಪ್ರೋಟೀನ್) ಹಾಕಿದ ಮೇಲೆ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ಹಾಗಾಗಿ ಆರ್‌ಎನ್‌ಎಯನ್ನು 0, 24, 48 ಗಂಟೆಗಳಲ್ಲಿ ತೆಗೆಯುತ್ತೇನೆ. ಕೊನೆಯ ದಿನದ ಒಂದೇ ಮಾದರಿಯಿಂದ ಈ ಕೈಬದಲು ಕಾಣದು.

6ರಿಂದ 8 ವಾರದ ಇಲಿಯ ತೊಡೆಮೂಳೆ, ಕಣಕಾಲುಮೂಳೆಗಳ ತುದಿ ಕತ್ತರಿಸಿ, ಆಲ್ಫಾ-ಎಂಇಎಂ ಎಂಬ ಪೋಷಕದ್ರವದಿಂದ ಮಜ್ಜೆ ಹೊರತಳ್ಳಿ, ಕೆಂಪು ಕಣಗಳನ್ನು ಒಡೆಯುತ್ತೇನೆ. ಒಂದು ರಾತ್ರಿ ಪ್ಲೇಟಿನಲ್ಲಿಟ್ಟು, ಅಂಟದೆ ತೇಲುವ ಕೋಶಗಳನ್ನಷ್ಟೇ ಎತ್ತಿಕೊಳ್ಳಬೇಕು. ಅಂಟಿಕೊಂಡ ಸ್ಟ್ರೋಮಾ (ಮಜ್ಜೆಯ ಆಧಾರ) ಕೋಶಗಳು ತಾವೇ ಆಸ್ಟಿಯೋಪ್ರೊಟೆಜೆರಿನ್ ಎಂಬ ಪ್ರೋಟೀನ್ ಸುರಿಸಿ, ನಾವು ಹಾಕಿದ ರ‍್ಯಾಂಕ್‌ಎಲ್ ಅನ್ನು ಹಿಡಿದುಬಿಡುತ್ತವೆ. 3 ದಿನ ಎಂ-ಸಿಎಸ್‌ಎಫ್ (ಈ ಕೋಶಗಳನ್ನು ಬೆಳೆಸುವ ಪ್ರೋಟೀನ್, ಮಿಲಿಲೀಟರಿಗೆ 30 ನ್ಯಾನೋಗ್ರಾಂ), ಆಮೇಲೆ ಅದರ ಜೊತೆಗೆ ರ‍್ಯಾಂಕ್‌ಎಲ್ 50. 96 ಗುಳಿಯ ಪ್ಲೇಟಾದರೆ ಗುಳಿಗೆ 10,000 ಕೋಶ. ರ‍್ಯಾಂಕ್‌ಎಲ್ ಹಾಕಿದ 4–5ನೇ ದಿನಕ್ಕೆ ಬೆಸೆದ ದೊಡ್ಡ ಕೋಶಗಳು ಸಿಗುತ್ತವೆ. ಇನ್ನೊಂದು ದಿನ ಕಾದರೆ ಸಾಯತೊಡಗುತ್ತವೆ. ಟ್ರ್ಯಾಪ್ (ಆಸ್ಟಿಯೋಕ್ಲಾಸ್ಟ್ ಗುರುತಿಸುವ ಕಿಣ್ವ) ಬಣ್ಣ ಹಿಡಿದು, 3 ಅಥವಾ ಹೆಚ್ಚು ನ್ಯೂಕ್ಲಿಯಸ್ ಇರುವವು ಲೆಕ್ಕಕ್ಕೆ.

ಒಂದೂ ಬೆಸೆಯದಿದ್ದರೆ ಎಲ್ಲರೂ ಮೊದಲು ರ‍್ಯಾಂಕ್‌ಎಲ್ ಬಾಟಲಿಯನ್ನು ದೂರುತ್ತಾರೆ. ನಾನು ನೋಡುವುದು ಕಲ್ಚರಿಗೆ ಹಾಕುವ ಸೀರಂನ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ, ಅಂದರೆ ಎಲ್‌ಪಿಎಸ್) ಅನ್ನು. ರ‍್ಯಾಂಕ್‌ಎಲ್‌ಗೆ ಮುಂಚೆಯೇ ಎಲ್‌ಪಿಎಸ್ ತಗುಲಿದರೆ ಐಆರ್‌ಎಫ್8 ಇಳಿಯುವುದೇ ಇಲ್ಲ, ಕೋಶ ಮ್ಯಾಕ್ರೋಫೇಜ್ ಆಗಿಯೇ ನಿಲ್ಲುತ್ತದೆ. ಅದೇ ಎಲ್‌ಪಿಎಸ್ ರ‍್ಯಾಂಕ್‌ಎಲ್ ಕಂಡ ಮೇಲೆ ಬಂದರೆ ಆಸ್ಟಿಯೋಕ್ಲಾಸ್ಟ್ ಹೆಚ್ಚುತ್ತದೆ! ಉರಿಯೂತದ ಕೀಲುಗಳಲ್ಲಿ ಮೂಳೆ ಸವೆಯುವುದನ್ನು ಅರ್ಥಮಾಡಿಕೊಳ್ಳಲು ಈ ಹಿಂದುಮುಂದು ಮುಖ್ಯ. ಸೀರಂನ ಪ್ರತಿ ಲಾಟನ್ನೂ ಪರೀಕ್ಷಿಸಿಯೇ ಕೊಳ್ಳಿ.

ಐಆರ್‌ಎಫ್8 ಇಲ್ಲದ ಇಲಿಗಳಲ್ಲಿ ಮೂಳೆ ತೀವ್ರವಾಗಿ ತೆಳುವಾಗುತ್ತದೆ ಎಂಬುದು 2009ರಲ್ಲಿ ಪ್ರಕಟವಾಯಿತು. ಇವುಗಳ ಮಜ್ಜೆಯಲ್ಲಿ ಗ್ರ್ಯಾನ್ಯುಲೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ವಿಪರೀತ. ಒಟ್ಟು ಕೋಶಗಳನ್ನು ಸಮಮಾಡಿ ಬಿತ್ತಿದರೆ ಸಾಮಾನ್ಯ ಇಲಿಗಳೊಂದಿಗಿನ ಹೋಲಿಕೆಯೇ ತಪ್ಪು. ಎಂ-ಸಿಎಸ್‌ಎಫ್ ಹಂತ ಮುಗಿದ ಮೇಲೆ ಅಂಟಿದವನ್ನು ಎಬ್ಬಿಸಿ ಮತ್ತೆ ಎಣಿಸಿ. ರ‍್ಯಾಂಕ್‌ಎಲ್ ಅನ್ನೂ 10, 25, 50 ಎಂದು ಬದಲಿಸಿ ನೋಡಿ, ಏಕೆಂದರೆ 50ರಲ್ಲಿ ಎರಡೂ ಗುಂಪು ಗುಳಿ ತುಂಬಿದರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಮನುಷ್ಯರಲ್ಲಿ ಐಆರ್‌ಎಫ್8 ಜೀನಿನ ಒಂದು ರೂಪಾಂತರ ಹಲ್ಲಿನ ಬೇರು ಕರಗುವ ಕಾಯಿಲೆಗೂ, ಮತ್ತೊಂದು ಮೋನೋಸೈಟ್, ಡೆಂಡ್ರಿಟಿಕ್ ಕೋಶಗಳೇ ಇಲ್ಲದ ರೋಗನಿರೋಧಕ ಕೊರತೆಗೂ ತಳಕು ಹಾಕಿಕೊಂಡಿವೆ.

ಟ್ರ್ಯಾಪ್ ಬಣ್ಣ ಬಂದ ಮಾತ್ರಕ್ಕೆ ಕೋಶ ಮೂಳೆ ತಿನ್ನುತ್ತದೆ ಎನ್ನಲಾಗದು. ಮೂಳೆಯ ಬಿಲ್ಲೆಯ ಮೇಲೂ ಅದೇ ಕಲ್ಚರ್ ಬೆಳೆಸಿ, ಕೋಶ ಉಜ್ಜಿ ತೆಗೆದು, ಟೊಲ್ಯೂಡಿನ್ ಬ್ಲೂ ಬಣ್ಣ ಹಾಕಿ, ಕೋಶ ಕೊರೆದ ಗುಂಡಿಗಳ ವಿಸ್ತೀರ್ಣ ಅಳೆಯಿರಿ.