ಕಪ್ಪು ಕಲೆಗೆ ಮುಲಾಮು ಬರೆಯುವ ಮೊದಲು

ಹಾವೇರಿಯಲ್ಲಿ ಚರ್ಮರೋಗ ವೈದ್ಯೆಯಾಗಿರುವ ನನ್ನ ಬಳಿಗೆ ಮುಖವೋ ಕುತ್ತಿಗೆಯೋ ಕಪ್ಪಾಗಿದೆ ಎಂದು ಬರುವವರಲ್ಲಿ ಬಹಳಷ್ಟು ಮಂದಿ ಕೇಳುವುದು ಬೆಳ್ಳಗಾಗುವ ಮುಲಾಮನ್ನು. ಆ ಕಪ್ಪು ಎಲ್ಲಿಂದ ಬಂತೆಂದು ತಿಳಿಯುವವರೆಗೆ ನಾನು ಚೀಟಿ ಬರೆಯುವುದಿಲ್ಲ. ಬಿಸಿಲು, ಹಾರ್ಮೋನು, ಹಳೆಯ ಉರಿಯೂತ, ನುಂಗುವ ಮಾತ್ರೆ, ಒಳಗಿನ ಕಾಯಿಲೆ, ಇವುಗಳಲ್ಲಿ ಯಾವುದರಿಂದಲೂ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಬಹುದು.

“ಎಷ್ಟ್ ತಿಕ್ಕಿದ್ರೂ ಹೊಲಸು ಹೋಗವಲ್ದ್ರಿ” ಎಂದು ತಾಯಂದಿರು ಮಗಳ ಕುತ್ತಿಗೆ ತೋರಿಸುತ್ತಾರೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗುವ ಈ ಕಪ್ಪು ಕೊಳೆಯಲ್ಲ; ಅದು ಅಕಾಂಥೋಸಿಸ್ ನೈಗ್ರಿಕಾನ್ಸ್. ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ರಕ್ತದಲ್ಲಿ ಅದರ ಪ್ರಮಾಣ ಏರಿದಾಗ ಚರ್ಮದ ಕೋಶಗಳು ಅತಿಯಾಗಿ ಬೆಳೆಯುತ್ತವೆ. ಆದ್ದರಿಂದ ತೂಕ ನೋಡಿ, ಮುಟ್ಟಿನ ಕ್ರಮ ವಿಚಾರಿಸಿ, ರಕ್ತದ ಸಕ್ಕರೆ ಪರೀಕ್ಷೆಗೆ ಕಳಿಸುತ್ತೇನೆ; ಕಲ್ಲಿನಿಂದ ತಿಕ್ಕುವುದನ್ನು ಅಂದೇ ನಿಲ್ಲಿಸಲು ಹೇಳುತ್ತೇನೆ, ಏಕೆಂದರೆ ತಿಕ್ಕಿದಷ್ಟೂ ಕಪ್ಪು ಹೆಚ್ಚುತ್ತದೆ. ಇದೇ ಬದಲಾವಣೆ ವಯಸ್ಸಾದವರಲ್ಲಿ ತೂಕ ಇಳಿಯುವುದರೊಂದಿಗೆ ತಟ್ಟನೆ ಕಾಣಿಸಿಕೊಂಡರೆ ಹೊಟ್ಟೆಯ ಕ್ಯಾನ್ಸರನ್ನೂ ಹುಡುಕಬೇಕು.

ನನ್ನ ಹೆಚ್ಚಿನ ಸಮಯ ಹೋಗುವುದು ಬಂಗು ಎಂಬ ಮುಖದ ಕಂದು ಕಲೆಗೆ. ಬ್ಯಾಡಗಿ ಸುತ್ತಲಿನ ಹೊಲ, ಕಣಗಳಲ್ಲಿ ಮೆಣಸಿನಕಾಯಿ ಬಿಡಿಸುವ, ಒಣಗಿಸುವ ಹೆಣ್ಣುಮಕ್ಕಳ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಅದು ಹರಡಿರುತ್ತದೆ. ಗರ್ಭಾವಸ್ಥೆ, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ ಅದಕ್ಕೆ ದಾರಿ ಮಾಡಿಕೊಡುತ್ತವೆ. ಬಿಸಿಲು ಅದನ್ನು ಉಳಿಸುತ್ತದೆ. ಎರಡು ಮೂರು ತಾಸಿಗೊಮ್ಮೆ ಸನ್‌ಸ್ಕ್ರೀನ್ ಹಚ್ಚಿರೆಂದು ಕೂಲಿಗೆ ಹೋಗುವವಳಿಗೆ ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಅಗಲ ಅಂಚಿನ ಟೋಪಿ, ದಟ್ಟ ನೇಯ್ಗೆಯ ಬಟ್ಟೆ, ಮಧ್ಯಾಹ್ನದ ಹೊತ್ತಿಗೆ ನೆರಳಿನ ಕೆಲಸ ಸಾಧ್ಯವೇ ಎಂಬುದನ್ನು ಮೊದಲು ಮಾತನಾಡುತ್ತೇನೆ. ಕೊಳ್ಳಬಲ್ಲವರಿಗೆ ಐರನ್ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ಸೂಚಿಸುತ್ತೇನೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ ಅದು ಹೆಚ್ಚು ಉಪಯುಕ್ತ.

ಮನೆಯಲ್ಲಿರುವ ಎಲ್ಲ ಟ್ಯೂಬುಗಳನ್ನೂ ತರಲು ಹೇಳುವುದು ನನ್ನ ಕಡ್ಡಾಯ ಕ್ರಮ. ಪಕ್ಕದ ಮನೆಯವರು ಹೇಳಿದರೆಂದು ಕೊಂಡ ಮುಲಾಮಿನಲ್ಲಿ ಸಾಮಾನ್ಯವಾಗಿ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಬೇಗ ಉದುರಿಸುವ ಟ್ರೆಟಿನಾಯಿನ್, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮೂರೂ ಇರುತ್ತವೆ. ಕೆಲವೇ ವಾರ, ವೈದ್ಯರ ಕಣ್ಗಾವಲಿನಲ್ಲಿ ಬಳಸಬೇಕಾದ ಈ ಮಿಶ್ರಣವನ್ನು ವರ್ಷಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು ಕಂಡು, ಮುಖದಲ್ಲಿ ಕೂದಲು ಬೆಳೆಯುತ್ತದೆ. ಹೈಡ್ರೋಕ್ವಿನೋನಿನಿಂದ ಕೆಲವರಿಗೆ ನೀಲಿಗಪ್ಪು ಕಲೆಗಳೇ ಉಳಿದುಬಿಡುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದರೂ ಅವು ಕೈಗೆ ಸುಲಭವಾಗಿ ಸಿಗುತ್ತಲೇ ಇವೆ. ಇದು ನನಗೆ ತೀವ್ರ ಕಳವಳದ ವಿಷಯ. ಅವುಗಳನ್ನು ನಿಲ್ಲಿಸಿದಾಗ ಉರಿ, ಕೆಂಪು ಬರುತ್ತದೆಂದು ಮೊದಲೇ ತಿಳಿಸುತ್ತೇನೆ, ಇಲ್ಲದಿದ್ದರೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ.

ಕೊನೆಗೆ ಬೆರಳಿನ ಗೆಣ್ಣು, ಅಂಗೈ ಗೆರೆ, ಒಸಡು ನೋಡುತ್ತೇನೆ. ಗೆಣ್ಣುಗಳು ಕಪ್ಪಾಗಿ ನಾಲಿಗೆ ನುಣುಪಾಗಿದ್ದರೆ ಬಿ12 ಕೊರತೆಯ ಶಂಕೆ. ಚುಚ್ಚುಮದ್ದು ಆರಂಭಿಸಿದ ಕೆಲವು ತಿಂಗಳಲ್ಲಿ ಆ ಕಪ್ಪು ತಾನಾಗಿ ತಿಳಿಯಾಗುತ್ತದೆ. ಒಸಡು, ಅಂಗೈ ಗೆರೆಗಳು ಕಪ್ಪಾಗಿ, ರಕ್ತದೊತ್ತಡ ಕುಸಿದು, ನಿಶ್ಶಕ್ತಿಯೂ ಇದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತ ಅಡಿಸನ್ ಕಾಯಿಲೆ ಇರಬಹುದು. ಅಂಥವರನ್ನು ಮುಲಾಮಿಲ್ಲದೆಯೇ ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ.